ಎತ್ತಿನ ಬಲ, ಅಚ್ಚಿನ ಬಾಳಿಕೆ: ಡಬ್ಲ್ಯು. ಓ. ಬೆಂಟ್ಲಿಯ ಬದುಕು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚಿತ್ರ ಬರೆದುಕೊಡಬೇಕು ಎಂದು ಸಂಪಾದಕ ಸಮಿತಿಯ ಮೇಷ್ಟ್ರು ಫೋನ್ ಮಾಡಿದಾಗ ನನಗೆ ಸಂಕೋಚವಾಯಿತು. ತೀರ್ಥಹಳ್ಳಿಯ ಕುವೆಂಪು ಅವರ ಬಗ್ಗೆ, ಶಾಂತವೇರಿ ಗೋಪಾಲಗೌಡರ ಬಗ್ಗೆ, ಸಾಗರದ ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆಯಲು ನನಗಿಂತ ಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ. ನಾನು ಬಿ.ಇ. ಓದಿ, ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಕಾರಿನೊಳಗಿನ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದುಕೊಂಡಿರುವವನು. ಆದ್ದರಿಂದ ನನಗೆ ಗೊತ್ತಿರುವ ಕ್ಷೇತ್ರದ ಒಬ್ಬ ಹಿರಿಯರನ್ನೇ ಆರಿಸಿಕೊಂಡೆ. ಬೆಂಟ್ಲಿ ಎಂಬ ಕಾರಿನ ಹೆಸರನ್ನು ಓದುಗರು ಕೇಳಿರಬಹುದು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ, ಅವನು ಬದುಕಿನುದ್ದಕ್ಕೂ ಒಂದೇ ಪ್ರಶ್ನೆಯೊಡನೆ ಗುದ್ದಾಡಿದ ಎಂಬುದು ಹೆಚ್ಚಿನವರಿಗೆ ಗೊತ್ತಿರಲಾರದು. ಆ ಪ್ರಶ್ನೆ ನನಗೆ ಮೊದಲು ಎದುರಾದದ್ದು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಗ, ಹುಲಿಕಲ್ ಘಾಟಿಯಲ್ಲಿ.

ಆಗ ನಮ್ಮೂರಿನಿಂದ ಹೊಸನಗರಕ್ಕೆ ದಿನಕ್ಕೆ ಎರಡೇ ಬಸ್ಸು. ಮಳೆಗಾಲದಲ್ಲಿ ಅದೂ ಇಲ್ಲ. ಊರಿಗೆಲ್ಲ ಆಧಾರವಾಗಿದ್ದದ್ದು ಒಂದು ಹಳೆಯ ಜೀಪು. ಅದರ ಯಜಮಾನರನ್ನು ನಾವೆಲ್ಲ ಜೀಪಿನಣ್ಣ ಎಂದೇ ಕರೆಯುತ್ತಿದ್ದೆವು. ಅವರು ಹಳೆಯ ಪೆಟ್ರೋಲ್ ಎಂಜಿನ್ ಇಳಿಸಿ, ಗುಜರಿಯಿಂದ ತಂದ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದ್ದರು. ಗೇರ್‌ಬಾಕ್ಸು, ಆಕ್ಸಲು ಹಳೆಯವೇ. ಘಟ್ಟದ ಕೆಳಗೆ ಸಿದ್ದಾಪುರದ ಕಡೆ ಒಂದು ಮದುವೆ ಮುಗಿಸಿ ಹದಿಮೂರು ಜನ ಆ ಜೀಪಿನಲ್ಲಿ ಹೊಸಂಗಡಿ ದಾಟಿ ಘಾಟಿ ಹತ್ತುತ್ತಿದ್ದೆವು. ಒಂದು ತಿರುವಿನಲ್ಲಿ ಹಿಂದಿನಿಂದ ಟಕ್ ಎಂಬ ಶಬ್ದ ಬಂತು. ಎಂಜಿನ್ ಜೋರಾಗಿ ಕೂಗುತ್ತಿತ್ತು, ಜೀಪು ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಜಾರತೊಡಗಿತು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದರು, ಪ್ರಯೋಜನವಾಗಲಿಲ್ಲ. ಕಾಲಿನ ಬ್ರೇಕನ್ನು ಮೈಭಾರ ಹಾಕಿ ಒತ್ತಿ ಹಿಡಿದರು. ನಾವು ಹುಡುಗರು ಹಾರಿ ಇಳಿದು ಚಕ್ರಗಳಿಗೆ ಅಡೆಕಲ್ಲು ಕೊಟ್ಟೆವು. ಪಕ್ಕದಲ್ಲಿ ಕಣಿವೆ. ಜೀಪಿನೊಳಗೆ ನನ್ನ ಅಜ್ಜಿ ಇದ್ದರು.

ಮುರಿದದ್ದು ಹಿಂದಿನ ಆಕ್ಸಲಿನ ಹಾಫ್ ಶಾಫ್ಟ್. ಆ ಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಗೇರ್‌ಬಾಕ್ಸಿನ ಹಿಂದೆ ತಿರುಗುವ ಶಾಫ್ಟನ್ನು. ಅದಕ್ಕೂ ಚಕ್ರಕ್ಕೂ ನಡುವಿನ ಕೊಂಡಿಯೇ ತುಂಡಾದ ಮೇಲೆ ಅದು ಏನನ್ನು ಹಿಡಿದೀತು? ಮರುವಾರ ನಮ್ಮ ವಿಜ್ಞಾನದ ಮೇಷ್ಟ್ರು ಈ ಘಟನೆಯನ್ನೇ ಪಾಠ ಮಾಡಿದರು. ಬೋರ್ಡಿನ ಮೇಲೆ ಎತ್ತಿನಗಾಡಿ ಬರೆದು, ನೊಗ, ಮೂಕಿ, ಅಚ್ಚು, ಕಡಾಣಿ ಎಲ್ಲವನ್ನೂ ಗುರುತಿಸಿ, ದೊಡ್ಡ ಎತ್ತು ಕಟ್ಟಿದವನು ಅಚ್ಚನ್ನೂ ನೋಡಿಕೊಳ್ಳಬೇಕು ಎಂದು ವಿವರಿಸಿದರು. ಮುಂದೆ ನಾನು ಓದಿದ ಮೆಕ್ಯಾನಿಕಲ್ ಪುಸ್ತಕಗಳ ಸಾರವೆಲ್ಲ ಆ ಚಿತ್ರದಲ್ಲಿತ್ತು.

ಇನ್ನು ಬೆಂಟ್ಲಿಯ ಕಥೆಗೆ ಬರೋಣ.

ವಾಲ್ಟರ್ ಓವನ್ ಬೆಂಟ್ಲಿ ಹುಟ್ಟಿದ್ದು 1888ರ ಸೆಪ್ಟೆಂಬರ್ 16ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಕೊನೆಯವನು. ಎಲ್ಲರೂ ಅವನನ್ನು ಹೆಸರಿನ ಮೊದಲಕ್ಷರಗಳಿಂದ ಡಬ್ಲ್ಯು. ಓ. ಎಂದೇ ಕರೆಯುತ್ತಿದ್ದರು. ಅನುಕೂಲಸ್ಥರ ಮನೆಯ ಹುಡುಗ, ಒಳ್ಳೆಯ ಶಾಲೆಗೆ ಸೇರಿಸಿದ್ದರು. ಆದರೆ ಅವನ ಮನಸ್ಸೆಲ್ಲ ಉಗಿಬಂಡಿಯ ಮೇಲೆ. ಹದಿನಾರು ತುಂಬಿದ ಮೇಲೆ ಶಾಲೆ ಬಿಟ್ಟು 1905ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದ. ಐದು ವರ್ಷ ಅಲ್ಲಿ ಎರಕ ಹೊಯ್ಯುವುದರಿಂದ ಹಿಡಿದು ಎಂಜಿನ್ ಜೋಡಿಸುವವರೆಗೆ ಕಲಿತ. ಕೊನೆಗೆ ಉಗಿಬಂಡಿಯಲ್ಲಿ ಕಲ್ಲಿದ್ದಲು ತುಂಬುವ ಫೈರ್‌ಮನ್ ಆಗಿಯೂ ದುಡಿದ. ಲಂಡನ್ನಿನಿಂದ ಲೀಡ್ಸ್‌ಗೆ ಹೋಗಿ ಬರುವ ಒಂದೇ ದಿನದ ಓಟದಲ್ಲಿ ಸುಮಾರು ಏಳು ಟನ್ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ ಹಾಕಬೇಕಿತ್ತು. ಒಂದು ಯಂತ್ರ ದಿನವಿಡೀ ಭಾರ ಎಳೆಯುವುದೆಂದರೆ ಏನು ಎಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ, ರಟ್ಟೆಯಿಂದ ಕಲಿತ.

ರೈಲ್ವೆಯಲ್ಲಿ ಸಂಪಾದನೆ ಸಾಲದು ಅನಿಸಿ ಹೊರಬಂದ ಮೇಲೆ ಲಂಡನ್ನಿನ ಒಂದು ಬಾಡಿಗೆ ಟ್ಯಾಕ್ಸಿ ಕಂಪನಿಯಲ್ಲಿ ಕಾರುಗಳ ನಿರ್ವಹಣೆಯ ಕೆಲಸಕ್ಕೆ ಸೇರಿದ. ಬಾಡಿಗೆ ಕಾರಿನ ರಿಪೇರಿ ಎಂದರೆ ಬೇರೆ ಬೇರೆ ಚಾಲಕರ ಕೈಯಲ್ಲಿ, ಬೇರೆ ಬೇರೆ ರಸ್ತೆಯಲ್ಲಿ ಯಾವ ಭಾಗ ಮೊದಲು ಸವೆಯುತ್ತದೆ ಎಂದು ತಿಳಿಯುವ ಪಾಠಶಾಲೆ. 1912ರಲ್ಲಿ ಅಣ್ಣನೊಡನೆ ಸೇರಿ ಡಿ.ಎಫ್.ಪಿ. ಎಂಬ ಫ್ರೆಂಚ್ ಕಾರುಗಳನ್ನು ಮಾರುವ ಅಂಗಡಿ ತೆರೆದ. ಮರುವರ್ಷ ಫ್ರಾನ್ಸಿನ ಆ ಕಾರ್ಖಾನೆಗೆ ಹೋಗಿದ್ದಾಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಪುಟ್ಟ ಅಲ್ಯೂಮಿನಿಯಂ ಪಿಸ್ಟನ್ ಅವನ ಕಣ್ಣಿಗೆ ಬಿತ್ತು. ಆಗ ಪಿಸ್ಟನ್‌ಗಳನ್ನು ಹೆಚ್ಚಾಗಿ ಎರಕದ ಕಬ್ಬಿಣದಲ್ಲಿ ಮಾಡುತ್ತಿದ್ದರು. ಅಲ್ಯೂಮಿನಿಯಂ ಹಗುರ, ಬಿಸಿಯನ್ನೂ ಬೇಗ ಬಿಟ್ಟುಕೊಡುತ್ತದೆ. 88 ಪಾಲು ಅಲ್ಯೂಮಿನಿಯಂಗೆ 12 ಪಾಲು ತಾಮ್ರ ಬೆರೆಸಿದ ಮಿಶ್ರಲೋಹದ ಪಿಸ್ಟನ್ ಹಾಕಿಸಿ, ಅದೇ ಕಾರಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ದಾಖಲೆ ಮಾಡಿದ.

1914ರಲ್ಲಿ ಯುದ್ಧ ಬಂತು. ನೌಕಾಪಡೆಯ ವಿಮಾನ ವಿಭಾಗ ಅವನನ್ನು ಕರೆಸಿಕೊಂಡಿತು. ಆಗಿನ ಕ್ಲರ್ಜೆ ಎಂಬ ವಿಮಾನ ಎಂಜಿನ್ ಬಿಸಿಯಾಗಿ ಕೈಕೊಡುತ್ತಿತ್ತು. ರಸ್ತೆಯಲ್ಲಿ ಕಾರು ನಿಂತರೆ ಇಳಿದು ನಡೆಯಬಹುದು, ಆಕಾಶದಲ್ಲಿ ನಿಂತರೆ ಪೈಲಟ್ ಉಳಿಯುವುದಿಲ್ಲ. ಬೆಂಟ್ಲಿ ರೂಪಿಸಿದ ಬಿ.ಆರ್. 1 ಎಂಜಿನ್ 150 ಅಶ್ವಶಕ್ತಿ ಕೊಟ್ಟಿತು, ಅದಕ್ಕಿಂತ ಹೆಚ್ಚಾಗಿ ನಂಬಿಕೆ ಕೊಟ್ಟಿತು. ಸಾಪ್‌ವಿತ್ ಕ್ಯಾಮೆಲ್ ಎಂಬ ಹೆಸರಾಂತ ಯುದ್ಧವಿಮಾನಗಳಿಗೆ ಅದನ್ನು ಜೋಡಿಸಿದರು. ಯುದ್ಧ ಮುಗಿದ ಮೇಲೆ ಸರ್ಕಾರ ಅವನಿಗೆ 8,000 ಪೌಂಡ್ ಬಹುಮಾನ ಕೊಟ್ಟಿತು.

1919 ಅವನ ಬದುಕಿನ ಕಹಿ ಮತ್ತು ಸಿಹಿ ಒಟ್ಟಿಗೆ ಬಂದ ವರ್ಷ. ಜಗತ್ತನ್ನೆಲ್ಲ ಕಾಡಿದ, ನಮ್ಮ ದೇಶದಲ್ಲೂ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಇನ್‌ಫ್ಲುಯೆಂಜಾ ಅವನ ಹೆಂಡತಿ ಲಿಯೊನಿಯನ್ನು ಕೊಂಡೊಯ್ದಿತು. ಅದೇ ವರ್ಷ ಬೆಂಟ್ಲಿ ಮೋಟರ್ಸ್ ಕಂಪನಿ ಹುಟ್ಟಿತು. ಲಂಡನ್ನಿನ ಬೇಕರ್ ಸ್ಟ್ರೀಟ್ ಹತ್ತಿರದ ಒಂದು ಓಣಿಯ ಶೆಡ್ಡಿನಲ್ಲಿ ಮೊದಲ ಎಂಜಿನ್ ಸದ್ದು ಮಾಡಿತು. ನಾಲ್ಕು ಸಿಲಿಂಡರ್, ಮೂರು ಲೀಟರ್, ಒಂದೊಂದು ಸಿಲಿಂಡರಿಗೂ ನಾಲ್ಕು ವಾಲ್ವು, ಎರಡು ಸ್ಪಾರ್ಕ್ ಪ್ಲಗ್ಗು. ಆದರೆ ಗಿರಾಕಿಗೆ ಮೊದಲ ಕಾರು ಸಿಕ್ಕಿದ್ದು 1921ರ ಸೆಪ್ಟೆಂಬರಿನಲ್ಲಿ. ನಡುವಿನ ಎರಡು ವರ್ಷ ಪರೀಕ್ಷೆ, ತಿದ್ದುಪಡಿ, ಮತ್ತೆ ಪರೀಕ್ಷೆ. ಕಾರು ಕೊಳ್ಳುವವರಿಗೆ ಅವನು ಐದು ವರ್ಷದ ಗ್ಯಾರಂಟಿ ಕೊಟ್ಟ. ನೂರು ವರ್ಷದ ಹಿಂದಿನ ರಸ್ತೆಯಲ್ಲಿ ವೇಗದ ಕಾರಿಗೆ ಐದು ವರ್ಷದ ಮಾತು ಕೊಡುವುದು ಸಣ್ಣ ಧೈರ್ಯವಲ್ಲ.

ಇಲ್ಲಿ ಸ್ವಲ್ಪ ನಿಂತು, ಮೇಷ್ಟ್ರ ಗಾಡಿಯ ಪಾಠವನ್ನು ನೆನೆಯಬೇಕು. ಅಶ್ವಶಕ್ತಿ ಎಂದರೆ ತಿರುಚುವ ಬಲ ಮತ್ತು ತಿರುಗುವ ವೇಗ, ಇವೆರಡರ ಗುಣಲಬ್ಧ. ಕಾರನ್ನು ಎಳೆಯುವುದೂ, ಶಾಫ್ಟನ್ನು ಮುರಿಯುವುದೂ ತಿರುಚುವ ಬಲವೇ. ಅದನ್ನು ಟಾರ್ಕ್ ಎನ್ನುತ್ತೇವೆ. ಮೊದಲ ಗೇರು ಎಂಜಿನ್ನಿನ ಟಾರ್ಕನ್ನು ಮೂರೂವರೆ ಪಟ್ಟು ಮಾಡುತ್ತದೆ, ಆಕ್ಸಲಿನ ಕ್ರೌನ್-ಪಿನಿಯನ್ ಅದನ್ನು ಮತ್ತೆ ನಾಲ್ಕು ಪಟ್ಟು ಮಾಡುತ್ತದೆ ಎಂದುಕೊಳ್ಳಿ. ಆಗ ಹಿಂದಿನ ಆಕ್ಸಲಿಗೆ ತಲುಪುವಾಗ ಅದು ಹದಿನಾಲ್ಕು ಪಟ್ಟು. ಎಂಜಿನ್ನಿನಲ್ಲಿ ಹೆಚ್ಚಿಸಿದ ಒಂದು ಕಿಲೋ ಆಕ್ಸಲಿನ ಹತ್ತಿರ ಹದಿನಾಲ್ಕು ಕಿಲೋ ಆಗುತ್ತದೆ. ಘಾಟಿಯ ತಿರುವಿನಲ್ಲಿ ಗಾಡಿ ತುಂಬ ಜನರಿದ್ದಾಗ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಬರುವ ಹೊಡೆತ ಇನ್ನೂ ಜಾಸ್ತಿ. ಎಲ್ಲ ಭಾಗವನ್ನೂ ದಪ್ಪ ಮಾಡೋಣವೆಂದರೆ ಕಾರು ಭಾರವಾಗಿ, ಆ ಭಾರ ಎಳೆಯಲು ಮತ್ತೆ ದೊಡ್ಡ ಎಂಜಿನ್ ಬೇಕಾಗುತ್ತದೆ. ಈ ತಕ್ಕಡಿಯನ್ನು ಸಮ ಮಾಡುವುದೇ ಕಾರ್ಖಾನೆಯಲ್ಲಿ ವೇಗದ ಕಾರು ಮಾಡುವವರ ಕಷ್ಟ. ರೇಸಿಗೆಂದೇ ಮಾಡಿದ ಕಾರು ಒಂದು ದಿನ ಬಾಳಿದರೆ ಸಾಕು. ಅಂಗಡಿಯಲ್ಲಿ ಮಾರುವ ಕಾರು ಹಾಗಲ್ಲ.

ಬೆಂಟ್ಲಿಯ ತಕ್ಕಡಿ ಯಾವಾಗಲೂ ಬಾಳಿಕೆಯ ಕಡೆಗೆ ತುಸು ವಾಲುತ್ತಿತ್ತು. ಅವನ ಕಾರುಗಳು ದಪ್ಪ, ಭಾರ. ಬುಗಾಟಿ ಕಾರಿನ ನಿರ್ಮಾಪಕ ಅವುಗಳನ್ನು ಲಾರಿಗೆ ಹೋಲಿಸಿ ಹಾಸ್ಯ ಮಾಡಿದ್ದ ಎಂಬ ಮಾತು ಪ್ರಚಾರದಲ್ಲಿದೆ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1923ರಲ್ಲಿ 24 ಗಂಟೆಗಳ ಪಂದ್ಯ ಶುರುವಾದಾಗ ಒಬ್ಬ ಗಿರಾಕಿ ತನ್ನ ಬೆಂಟ್ಲಿಯನ್ನು ಅಲ್ಲಿಗೆ ಒಯ್ಯಲು ಹೊರಟ. ಯಾವ ಕಾರೂ ಅಷ್ಟು ಹೊತ್ತು ತಡೆಯಲಾರದು, ಇದು ಹುಚ್ಚುತನ ಎಂದೇ ಡಬ್ಲ್ಯು. ಓ. ಮೊದಲು ಭಾವಿಸಿದ್ದ. ಆ ಕಾರು ನಾಲ್ಕನೆಯ ಸ್ಥಾನ ಹಂಚಿಕೊಂಡಿತು. ಮರುವರ್ಷ ಗೆದ್ದಿತು. 1927ರಲ್ಲಿ ರಾತ್ರಿ ಒಂದು ತಿರುವಿನಲ್ಲಿ ಆದ ಸರಣಿ ಅಪಘಾತಕ್ಕೆ ಕಂಪನಿಯ ಮೂರೂ ಕಾರುಗಳು ಸಿಕ್ಕಿಬಿದ್ದವು. ಎರಡು ಅಲ್ಲೇ ಉಳಿದವು. ಡೊಂಕಾದ ಮೂರನೆಯದು ಕುಂಟುತ್ತಲೇ ಓಡಿ ಗೆದ್ದಿತು. 1928ರಲ್ಲಿ ನಾಲ್ಕೂವರೆ ಲೀಟರಿನ ಕಾರು ಫ್ರೇಮ್ ಬಿರುಕು ಬಿಟ್ಟ ಸ್ಥಿತಿಯಲ್ಲೂ ಮೊದಲು ಬಂತು.

ಈ ಗೆಲುವುಗಳ ಹಿಂದೆ ಒಂದು ಸಣ್ಣ ಪ್ರಸಂಗವಿದೆ. 1924ರಲ್ಲಿ ಅವನು ಆರು ಸಿಲಿಂಡರಿನ ಹೊಸ ಕಾರನ್ನು ಗುಟ್ಟಾಗಿ ಫ್ರಾನ್ಸಿನಲ್ಲಿ ಓಡಿಸಿ ನೋಡುತ್ತಿದ್ದಾಗ, ಹಾಗೆಯೇ ಗುಟ್ಟಾಗಿ ಪರೀಕ್ಷೆಗೆ ಬಂದಿದ್ದ ರೋಲ್ಸ್ ರಾಯ್ಸ್‌ನ ಹೊಸ ಕಾರು ಎದುರಾಯಿತು. ಎರಡೂ ಕಾರು ಅಕ್ಕಪಕ್ಕ ಪೈಪೋಟಿಗೆ ಬಿದ್ದವು. ಯಾರೂ ಯಾರನ್ನೂ ಹಿಂದೆ ಹಾಕಲಾಗಲಿಲ್ಲ. ಹಿಂತಿರುಗಿದ ಮೇಲೆ ಡಬ್ಲ್ಯು. ಓ. ಆ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುವ ದಾರಿ ಹುಡುಕಲಿಲ್ಲ, ಗಾತ್ರವನ್ನೇ ಆರೂವರೆ ಲೀಟರಿಗೆ ಹಿಗ್ಗಿಸಿದ. ದೊಡ್ಡ ಎಂಜಿನ್, ನಿಧಾನದ ಉಸಿರು, ಅದಕ್ಕೆ ತಕ್ಕ ಗಟ್ಟಿ ಗೇರು, ಗಟ್ಟಿ ಆಕ್ಸಲು. ಇದೇ ಮುಂದೆ ಸ್ಪೀಡ್ ಸಿಕ್ಸ್ ಎಂಬ ಕಾರಾಯಿತು.

ಅವನ ತಂಡದ ಒಬ್ಬ ಹೆಸರಾಂತ ಚಾಲಕ ಟಿಮ್ ಬರ್ಕಿನ್‌ಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಬೇಕು ಎಂದು ಅವನ ಹಟ. ಸೂಪರ್‌ಚಾರ್ಜರ್ ಎಂದರೆ ಕಮ್ಮಾರನ ತಿದಿಯಿದ್ದ ಹಾಗೆ. ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಮಾಮೂಲಿಗೆ 110 ಅಶ್ವಶಕ್ತಿಯ ಎಂಜಿನ್ ರಸ್ತೆಯ ಕಾರಿನಲ್ಲಿ 175, ಪಂದ್ಯದ ಕಾರಿನಲ್ಲಿ 240ರ ವರೆಗೂ ಏರಿತು. ಡಬ್ಲ್ಯು. ಓ. ಖಡಾಖಂಡಿತವಾಗಿ ವಿರೋಧಿಸಿದ. ಅಷ್ಟು ಒತ್ತಡಕ್ಕೆಂದು ರೂಪಿಸದ ಎಂಜಿನ್ನಿನ ಮೇಲೆ ಅದನ್ನು ಹೇರುವುದು ಅವನ ಲೆಕ್ಕದಲ್ಲಿ ತಪ್ಪು. ಆದರೆ ಅಷ್ಟರಲ್ಲಿ ಕಂಪನಿ ಅವನ ಕೈಯಲ್ಲಿರಲಿಲ್ಲ. 1926ರಲ್ಲಿ ಸಾಲದಲ್ಲಿ ಮುಳುಗುತ್ತಿದ್ದಾಗ ವಜ್ರದ ಗಣಿಗಳ ವಾರಸುದಾರ ವುಲ್ಫ್ ಬಾರ್ನಾಟೊ ಹಣ ಹಾಕಿ ಯಜಮಾನನಾಗಿದ್ದ. ಅವನು ಬರ್ಕಿನ್‌ಗೆ ಒಪ್ಪಿಗೆ ಕೊಟ್ಟ. ಪಂದ್ಯದ ನಿಯಮದಂತೆ ಐವತ್ತು ಕಾರುಗಳನ್ನು ಮಾರಾಟಕ್ಕೂ ಮಾಡಬೇಕಾಯಿತು. ತನ್ನದೇ ಹೆಸರು ಹೊತ್ತ, ತಾನೇ ಒಪ್ಪದ ಕಾರು ಕಾರ್ಖಾನೆಯಿಂದ ಹೊರಬರುವುದನ್ನು ಅವನು ನೋಡಬೇಕಾಯಿತು.

1930ರ ಲ ಮಾನ್ ಪಂದ್ಯದಲ್ಲಿ ಎರಡೂ ದಾರಿಗಳು ಒಂದೇ ರಸ್ತೆಯಲ್ಲಿ ಎದುರಾದವು. ಬರ್ಕಿನ್‌ನ ಸೂಪರ್‌ಚಾರ್ಜ್ ಕಾರು ಜರ್ಮನಿಯ ಪ್ರಬಲ ಮರ್ಸಿಡೀಸನ್ನು ಬೆನ್ನಟ್ಟಿ ಹಿಂದಿಕ್ಕಿತು, ಟೈರಿನ ಮೇಲ್ಪದರ ಕಿತ್ತು ಹೋದರೂ ಬಿಡಲಿಲ್ಲ. ಜನ ಎದ್ದು ನಿಂತು ನೋಡಿದರು. ರಾತ್ರಿಯಲ್ಲಿ ಮರ್ಸಿಡೀಸ್ ಕೈಚೆಲ್ಲಿತು. ಆದರೆ ಬೆಳಗಿನ ಹೊತ್ತಿಗೆ ಸೂಪರ್‌ಚಾರ್ಜ್ ಬೆಂಟ್ಲಿಗಳ ಎಂಜಿನ್‌ಗಳೂ ಒಳಗಿನಿಂದ ಮುರಿದು, ಒಂದೂ ಕೊನೆ ಮುಟ್ಟಲಿಲ್ಲ. ಮೊದಲ ಎರಡು ಸ್ಥಾನ ಪಡೆದದ್ದು ಡಬ್ಲ್ಯು. ಓ.ನ ನಿಧಾನದ ಉಸಿರಿನ ಸ್ಪೀಡ್ ಸಿಕ್ಸ್ ಕಾರುಗಳು. ಬರ್ಕಿನ್‌ಗೆ ಅನ್ಯಾಯ ಮಾಡಬಾರದು. ಅವನ ಓಟವೇ ಮರ್ಸಿಡೀಸನ್ನು ದಣಿಸಿತು ಎನ್ನುವವರಿದ್ದಾರೆ. ಅದೇ ವರ್ಷ ಫ್ರೆಂಚ್ ಗ್ರ್ಯಾಂಡ್ ಪ್ರೀ ಪಂದ್ಯದಲ್ಲಿ ಅವನು ಅದೇ ಬಗೆಯ ಕಾರಿನಲ್ಲಿ ಎರಡನೆಯವನಾದ. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ ಸುಮಾರು 222 ಕಿಲೋಮೀಟರ್ ವೇಗದ ದಾಖಲೆ ಮಾಡಿದ. ಸ್ವಲ್ಪ ಹೊತ್ತಿನ ವೇಗಕ್ಕೆ ಅವನ ದಾರಿ ಸರಿಯಾಗಿತ್ತು, 24 ಗಂಟೆಯ ಬಾಳಿಕೆಗೆ ಅಲ್ಲ.

ಸರಿಯಾದ ಲೆಕ್ಕ ಮಾಡಿದವನಿಗೆ ಬದುಕು ಸರಿಯಾದ ಕೂಲಿ ಕೊಡುತ್ತದೆ ಎಂದೇನೂ ಇಲ್ಲ. 1930ರಲ್ಲಿ ಡಬ್ಲ್ಯು. ಓ. ತನ್ನ ಅತಿ ದೊಡ್ಡ ಕಾರು, ಎಂಟು ಲೀಟರಿನದನ್ನು ಹೊರತಂದ. ಅದಕ್ಕೆಂದೇ ಹೊಸ ಗಟ್ಟಿ ಗೇರ್‌ಬಾಕ್ಸು. ಭಾರದ ಮುಚ್ಚು ಬಾಡಿ ಹೊತ್ತೂ ಗಂಟೆಗೆ 160 ಕಿಲೋಮೀಟರ್ ದಾಟುತ್ತಿತ್ತು. ಆದರೆ ಜಗತ್ತಿನಲ್ಲಿ ಆರ್ಥಿಕ ಕುಸಿತ. ಅಂಥ ಕಾರು ಕೊಳ್ಳುವವರು ಎಲ್ಲಿ? ನೂರು ಕಾರಿಗೇ ನಿಂತಿತು. ಕಡಿಮೆ ಬೆಲೆಯ ಕಾರು ಬೇಕೆಂದು ಕಂಪನಿಯ ಆಡಳಿತದವರು ಅದೇ ದೊಡ್ಡ ಚಾಸಿಗೆ ನಾಲ್ಕು ಲೀಟರಿನ, ಬೇರೆಯವರು ರೂಪಿಸಿದ ಎಂಜಿನ್ ಕೂರಿಸಿದರು. ಇದು ಜೀಪಿನಣ್ಣನ ತಪ್ಪಿನ ತಿರುವುಮುರುವು: ಅಚ್ಚು ಗಟ್ಟಿ, ಎತ್ತು ಬಡಕಲು. ಅದೂ ಮಾರಾಟವಾಗಲಿಲ್ಲ. 1931ರ ಜುಲೈನಲ್ಲಿ ಕಂಪನಿ ಸಾಲಗಾರರ ವಶಕ್ಕೆ ಹೋಯಿತು. ನೇಪಿಯರ್ ಎಂಬ ಸಂಸ್ಥೆ ಕೊಳ್ಳುತ್ತದೆ, ಅಲ್ಲಿ ಹೊಸ ಕಾರು ಮಾಡಬಹುದು ಎಂದು ಅವನು ಕಾದಿದ್ದ. ಕೊನೆಯ ಗಳಿಗೆಯಲ್ಲಿ ಹೆಚ್ಚು ಹಣ ಕೂಗಿ ಕೊಂಡವರು ಪ್ರತಿಸ್ಪರ್ಧಿ ರೋಲ್ಸ್ ರಾಯ್ಸ್.

ಹೆಸರೂ ಅವರದಾಯಿತು, ಮನುಷ್ಯನೂ ಅವರ ಸಂಬಳಗಾರನಾದ. 1933ರಲ್ಲಿ ಬೆಂಟ್ಲಿ ಹೆಸರಿನ ಹೊಸ ಕಾರು ಬಂದಾಗ, ಅದನ್ನು ರೂಪಿಸುವ ಕೆಲಸ ಬೆಂಟ್ಲಿಗೆ ಇರಲಿಲ್ಲ. ಓಡಿಸಿ ನೋಡಿ ಅಭಿಪ್ರಾಯ ಹೇಳುವುದಷ್ಟೇ ಅವನ ಪಾಲು. ಒಪ್ಪಂದ ಮುಗಿದ ಕೂಡಲೇ, 1935ರಲ್ಲಿ, ಲಗಾಂಡ ಎಂಬ ಸಣ್ಣ ಕಂಪನಿಗೆ ಸೇರಿದ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟಬೇಕೆಂದು ಓಡಾಡುತ್ತಿದ್ದದ್ದೂ ಅದೇ ದಶಕದಲ್ಲಿ. ಲಗಾಂಡಕ್ಕಾಗಿ ಡಬ್ಲ್ಯು. ಓ. ಹನ್ನೆರಡು ಸಿಲಿಂಡರಿನ ಎಂಜಿನ್ ಮಾಡಿದ. 1939ರ ಲ ಮಾನ್‌ನಲ್ಲಿ ಆ ಕಾರುಗಳು ಮೂರು ಮತ್ತು ನಾಲ್ಕನೆಯ ಸ್ಥಾನ ಪಡೆದವು. ಯುದ್ಧದ ನಂತರ ಅವನ ಮೇಲ್ವಿಚಾರಣೆಯಲ್ಲಿ ಹುಟ್ಟಿದ 2.6 ಲೀಟರಿನ ಎಂಜಿನ್ ಬೇಕೆಂದೇ ಡೇವಿಡ್ ಬ್ರೌನ್ ಎಂಬ ಉದ್ಯಮಿ 1947ರಲ್ಲಿ ಲಗಾಂಡವನ್ನು ಕೊಂಡ. ಅದು ಆಸ್ಟನ್ ಮಾರ್ಟಿನ್ ಡಿ.ಬಿ. 2 ಕಾರಿನ ಹೃದಯವಾಯಿತು. ಆ ಡೇವಿಡ್ ಬ್ರೌನ್ ಮನೆತನದ ಮೂಲ ಕಸುಬು ಗೇರು ತಯಾರಿಕೆ ಎಂಬುದನ್ನು ಓದಿ ನನಗೆ ಸಂತೋಷವಾಯಿತು. ಕೊನೆಗೂ ಎಂಜಿನ್ನಿನವನಿಗೂ ಗೇರಿನವನಿಗೂ ಭೇಟಿಯಾಯಿತಲ್ಲ ಎಂದು.

ಡಬ್ಲ್ಯು. ಓ. ಬೆಂಟ್ಲಿ 1971ರ ಆಗಸ್ಟ್ 13ರಂದು ತೀರಿಕೊಂಡ. ಅವನ ಕೈಕೆಳಗೆ ತಯಾರಾದದ್ದು ಸುಮಾರು ಮೂರು ಸಾವಿರ ಕಾರು ಮಾತ್ರ. ಅವುಗಳಲ್ಲಿ ಬಹಳಷ್ಟು ಇಂದಿಗೂ ಓಡುತ್ತಿವೆ.

ಈ ಬದುಕು ನನಗೆ ಯಾಕೆ ಮುಖ್ಯ ಎಂದು ಹೇಳಿ ಮುಗಿಸುತ್ತೇನೆ. ಈಗಿನ ಕಾರುಗಳಲ್ಲಿ ಆಕ್ಸಲಿರೇಟರ್ ಒತ್ತಿದಷ್ಟೂ ಟಾರ್ಕ್ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ನಡುವೆ ಒಂದು ಪ್ರೋಗ್ರಾಮ್ ಕೂತು, ಈಗ ಮೊದಲ ಗೇರು, ಗೇರ್‌ಬಾಕ್ಸು ತಡೆಯುವುದು ಇಷ್ಟೇ ಎಂದು ಎಂಜಿನ್ನನ್ನು ತಗ್ಗಿಸುತ್ತದೆ. ಆ ಮಿತಿಗಳನ್ನು ಬರೆಯುವವರಲ್ಲಿ ನಾನೊಬ್ಬ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾರು ಇನ್ನಷ್ಟು ಚುರುಕಾಗಿ ಹೊರಡಲಿ ಎಂಬ ಒತ್ತಾಯಕ್ಕೆ ಮಣಿದು ಒಂದು ಅಂಕಿಯನ್ನು ತುಸು ಏರಿಸಿದ್ದೆ. ಲೆಕ್ಕದಲ್ಲಿ ಸರಿಯಿದೆ ಅನಿಸಿತ್ತು. ಪರೀಕ್ಷೆಯ ಯಂತ್ರದ ಮೇಲೆ ಒಂಬತ್ತು ದಿನ ಓಡಿದ ಗೇರ್‌ಬಾಕ್ಸು ಹತ್ತನೆಯ ದಿನ ಹಲ್ಲು ಮುರಿದುಕೊಂಡಿತು. ಆ ಮುರಿದ ಹಲ್ಲನ್ನು ಕೈಯಲ್ಲಿ ಹಿಡಿದಾಗ ನನಗೆ ಕಂಡದ್ದು ಹುಲಿಕಲ್ ಘಾಟಿ, ಜೀಪಿನೊಳಗೆ ಕೂತಿದ್ದ ಅಜ್ಜಿ. ಅಂಕಿಯನ್ನು ಹಿಂದಕ್ಕೆ ಇಳಿಸಿದೆ. ಮೀಟಿಂಗಿನಲ್ಲಿ ಬೈಸಿಕೊಂಡೆ. ಡಬ್ಲ್ಯು. ಓ. ತನ್ನ ಕಂಪನಿಯಲ್ಲೇ ಬೈಸಿಕೊಂಡಿದ್ದ, ನನ್ನದೇನು ದೊಡ್ಡದು ಎಂದುಕೊಂಡೆ.

ಆಗುಂಬೆಯನ್ನೋ ಹುಲಿಕಲ್ಲನ್ನೋ ಹತ್ತುವ ಕಾರಿನೊಳಗೆ ಯಾರದೋ ಅಜ್ಜಿ, ಯಾರದೋ ಮಗು ಕೂತಿರುತ್ತದೆ. ಅವರಿಗೆ ಟಾರ್ಕ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ನಮ್ಮ ಜವಾಬ್ದಾರಿ. ಜೀಪಿನಣ್ಣ ಆ ಘಟನೆಯ ನಂತರ ಎಂಜಿನ್ನಿಗೆ ತಕ್ಕ ಆಕ್ಸಲು ಹುಡುಕಿಸಿ ಹಾಕಿಸಿದರು. ಆ ಜೀಪು ಈಗಲೂ ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದ ದಾರಿಯಲ್ಲಿ ಓಡಾಡುತ್ತದೆ. ಬೋರ್ಡಿನ ಮೇಲೆ ಗಾಡಿಯ ಚಿತ್ರ ಬರೆದ ನನ್ನ ವಿಜ್ಞಾನದ ಮೇಷ್ಟ್ರು ನಿವೃತ್ತರಾಗಿದ್ದಾರೆ. ಮಹೋತ್ಸವದ ದಿನ ಅವರು ಬರುತ್ತಾರೆ ಎಂದು ತಿಳಿಯಿತು. ಈ ಬರಹದಲ್ಲಿ ತಪ್ಪೇನಾದರೂ ಉಳಿದಿದ್ದರೆ ಅಂದಿನಂತೆಯೇ ಕೆಂಪು ಪೆನ್ನಿನಲ್ಲಿ ತಿದ್ದಿಕೊಡಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತಾ, ನಮ್ಮ ಶಾಲೆಗೆ ಶುಭ ಕೋರುತ್ತೇನೆ.